ಜಗಲಿಯ ಮೇಲೆ ಪಂಜರಶಾಲೆ

ಮುಖ್ಯೋಪಾಧ್ಯಾಯರ ಕೋಣೆಗೆ ಚಹಾ ಬರುವುದಕ್ಕೂ ಮೊದಲೇ ಆ ಪ್ರಶ್ನೆ ಬಂದುಬಿಡುತ್ತಿತ್ತು: ‘ನಾಟಕ ಮಾಡಿಸಿದ್ರೆ ಮಕ್ಕಳ ಸಭಾಕಂಪನ ಹೋಗುತ್ತಾ?’ ಹೋಗುತ್ತೆ ಸಾರ್, ಅನ್ನುತ್ತಿದ್ದೆವು. ಹಾಗನ್ನದಿದ್ದರೆ ಮಧ್ಯಾಹ್ನದ ಎರಡು ಪೀರಿಯಡ್ ಕೂಡ ಸಿಗುತ್ತಿರಲಿಲ್ಲ. ಪ್ರತಿಭಾ ಕಾರಂಜಿ ಶುರುವಾದ ಮೇಲೆ ಇನ್ನೊಂದು ಪ್ರಶ್ನೆ ಸೇರಿಕೊಂಡಿತು: ‘ಕ್ಲಸ್ಟರ್ ಲೆವೆಲ್ಲಿಗೆ ಒಂದು ಐಟಂ ರೆಡಿ ಮಾಡಿಕೊಡ್ತೀರಾ?’ ಅದಕ್ಕೂ ಹೂಂ ಅನ್ನುತ್ತಿದ್ದೆವು. ಸಾಗರ, ಸೊರಬ, ಹೊಸನಗರ ಕಡೆಯ ಶಾಲೆಗಳನ್ನು ವರ್ಷಗಟ್ಟಲೆ ಸುತ್ತಿದ ಮೇಲೆ ಮೊದಲನೇ ಪ್ರಶ್ನೆಗೆ ನನ್ನ ಬಳಿ ಬೇರೆಯೇ ಉತ್ತರವಿದೆ. ಹಳ್ಳಿ ಶಾಲೆಯ ಮಕ್ಕಳಿಗೆ ಸಭಾಕಂಪನ ಅಷ್ಟೇನೂ ಇರಲಿಲ್ಲ. ಅರ್ಧ ಗಂಟೆ ಸಲಿಗೆ ಕೊಟ್ಟರೆ ಕುಣಿಯದ ಮಗುವನ್ನು ನಾನು ನೋಡಿದ್ದು ಕಡಿಮೆ. ಸಭಾಕಂಪನ ಇದ್ದದ್ದು ಮೇಷ್ಟ್ರುಗಳಿಗೆ. ತರಗತಿಯಲ್ಲಿ ಗಂಟೆಗಟ್ಟಲೆ ನಿಂತು ಮಾತಾಡುವವರು, ಮಕ್ಕಳೆದುರು ಒಂದು ಕಪ್ಪೆಯಾಗಿ ಎರಡು ಸಲ ಹಾರಿ ಎಂದರೆ ಬೆವೆತುಹೋಗುತ್ತಿದ್ದರು.

ನಾನು ಹೆಗ್ಗೋಡಿನಲ್ಲಿ ನಾಟಕ ಕಲಿತವನು. 1949ರಲ್ಲಿ ಅಲ್ಲಿ ಹುಟ್ಟಿದ ನೀನಾಸಂ 1980ರಲ್ಲಿ ರಂಗಶಿಕ್ಷಣ ಕೇಂದ್ರ ತೆರೆಯಿತು, 1985ರಲ್ಲಿ ‘ತಿರುಗಾಟ’ ಎಂಬ ಸಂಚಾರಿ ತಂಡ ಹೊರಡಿಸಿತು. ನಾನು ಅಲ್ಲಿಗೆ ಹೋದದ್ದು ಆಮೇಲೆ, ಅದನ್ನು ಕಟ್ಟಿದ ಕೆ.ವಿ. ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದು ಕೆಲವು ವರ್ಷವಾಗಿತ್ತು. ಕೋರ್ಸು ಮುಗಿಸಿದವರ ಮುಂದೆ ಆಗ ಇದ್ದ ದಾರಿಗಳು ಸ್ವಲ್ಪವೇ. ಮೈಸೂರಿನ ರಂಗಾಯಣದ ಆಸೆ ಕೆಲವರಿಗೆ, ಬೆಂಗಳೂರಿಗೆ ಹೋಗಿ ಧಾರಾವಾಹಿ ಸೇರುವ ಆಸೆ ಹಲವರಿಗೆ. ಎರಡೂ ಆಗದ ನಾವೊಂದಿಷ್ಟು ಜನ ಸೇರಿ ಒಂದು ಸಣ್ಣ ತಂಡ ಕಟ್ಟಿಕೊಂಡೆವು. ಮಕ್ಕಳ ನಾಟಕ ಮಾಡೋಣ ಎಂದದ್ದು ಆದರ್ಶದಿಂದಲೇ ಎಂದು ಹೇಳಿಕೊಂಡರೆ ಚೆನ್ನಾಗಿರುತ್ತದೆ. ಶಾಲೆಗಳಲ್ಲಿ ಪ್ರೇಕ್ಷಕರು ಮೊದಲೇ ಬಂದು ಕೂತಿರುತ್ತಾರೆ, ಪ್ರಚಾರದ ಖರ್ಚಿಲ್ಲ ಎನ್ನುವ ಲೆಕ್ಕವೂ ಅದರಲ್ಲಿತ್ತು.

ಕಣ್ಣೆದುರಿಗೆ ಒಂದು ಮಾದರಿಯೂ ಇತ್ತು. ಶರಾವತಿ ಹಿನ್ನೀರಿನಾಚೆಯ ತುಮರಿಯಲ್ಲಿ ಕೆ.ಜಿ. ಕೃಷ್ಣಮೂರ್ತಿ ಕಟ್ಟಿದ ಕಿನ್ನರ ಮೇಳ ಮಕ್ಕಳ ನಾಟಕಗಳನ್ನೇ ಹೊತ್ತು ಊರೂರು ತಿರುಗುತ್ತಿತ್ತು. ಲಿಂಗನಮಕ್ಕಿ ಅಣೆಕಟ್ಟೆ ಕಟ್ಟಿದ ಮೇಲೆ ಆ ಸೀಮೆಗೆ ಲಾಂಚೇ ಗತಿಯಾಗಿತ್ತು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಬಂದದ್ದು 2025ರಲ್ಲಿ, ಮೊನ್ನೆ ಮೊನ್ನೆ. ಲಾಂಚಿನಲ್ಲಿ ಟ್ರಂಕು, ತಮಟೆ, ಮುಖವಾಡದ ಗೋಣಿಚೀಲ ದಾಟಿಸಿಕೊಂಡು ಅಲ್ಲಿಂದ ರಾಜ್ಯವೆಲ್ಲ ಸುತ್ತಲು ಸಾಧ್ಯವಾದರೆ, ರಸ್ತೆ ಬದಿಯಲ್ಲಿರುವ ನಮಗೇನು ಧಾಡಿ ಎನ್ನುವ ಹುರುಪು ನಮ್ಮದು.

ಮಕ್ಕಳ ರಂಗಭೂಮಿ ಕನ್ನಡದಲ್ಲಿ ಆಗಲೇ ಬೇರು ಬಿಟ್ಟಿತ್ತು. ಬೆಂಗಳೂರಿನಲ್ಲಿ ಪ್ರೇಮಾ ಕಾರಂತರು 1979ರಿಂದ ಬೆನಕ ಮಕ್ಕಳ ತಂಡ ನಡೆಸುತ್ತಿದ್ದರು. ರಂಗಾಯಣದ ಚಿಣ್ಣರ ಮೇಳಕ್ಕೆ ಬೇಸಿಗೆ ಬಂತೆಂದರೆ ಅಪ್ಪ ಅಮ್ಮಂದಿರು ಸಾಲು ನಿಲ್ಲುತ್ತಾರೆ. ಆದರೆ ಅಲ್ಲೆಲ್ಲ ಮಗು ರಂಗಮಂದಿರಕ್ಕೆ ಬರಬೇಕು. ಕರೆತರುವುದಕ್ಕೆ ಸ್ಕೂಟರಿರುವ ಒಬ್ಬ ಅಪ್ಪ ಬೇಕು, ಏಪ್ರಿಲ್ ತಿಂಗಳಲ್ಲಿ ಅವನಿಗೆ ಬಿಡುವು ಬೇಕು. ನಮ್ಮ ಕಡೆಯ ಮಕ್ಕಳು ರಜೆಯಲ್ಲಿ ಗೇರುಬೀಜ ಆರಿಸುತ್ತಿದ್ದವು, ತಮ್ಮ ತಂಗಿಯರನ್ನು ನೋಡಿಕೊಳ್ಳುತ್ತಿದ್ದವು. ಅವರೆಲ್ಲ ಒಂದೇ ಕಡೆ ಸಿಗುವ ಜಾಗ ಶಾಲೆಯೊಂದೇ.

ನಾಟಕವೇ ಗೊತ್ತಿಲ್ಲದ ಕಡೆ ನಾವು ದೀಪ ಹಚ್ಚಲು ಹೋದೆವು ಎಂದು ಯಾರಾದರೂ ತಿಳಿದರೆ ಅದು ಶುದ್ಧ ಸುಳ್ಳು. ಮಲೆನಾಡಿನ ಯಾವ ಶಾಲೆಯ ವಾರ್ಷಿಕೋತ್ಸವ ನಾಟಕವಿಲ್ಲದೆ ಮುಗಿದಿದೆ? ರಾತ್ರಿಯಿಡೀ ಊರವರದ್ದು, ನಡುವೆ ಮಕ್ಕಳದ್ದು, ಬೆಳಗಿನ ಜಾವಕ್ಕೆ ಯಕ್ಷಗಾನದ ಒಂದು ಪ್ರಸಂಗ. ನಾವು ಹೋದ ಎಷ್ಟೋ ಊರುಗಳಲ್ಲಿ ನಮ್ಮೆಲ್ಲರಿಗಿಂತ ಚೆನ್ನಾಗಿ ಹೆಜ್ಜೆ ಹಾಕುವ ಆರನೇ ಕ್ಲಾಸಿನ ಹುಡುಗರಿದ್ದರು. ಕೊರತೆ ಇದ್ದದ್ದು ಬೇರೆ ಕಡೆ. ವಾರ್ಷಿಕೋತ್ಸವದ ರಾತ್ರಿ ಆ ಹುಡುಗ ಭಸ್ಮಾಸುರ. ಮರುದಿನ ಬೆಳಿಗ್ಗೆ ಅದೇ ಹುಡುಗ ಕೊನೇ ಬೆಂಚು, ‘ಅವಂಗೆ ಏನೂ ಬರಲ್ಲ ಸಾರ್’. ರಾತ್ರಿಯ ಶಾಲೆಗೂ ಹಗಲಿನ ಶಾಲೆಗೂ ಮಾತೇ ಇರಲಿಲ್ಲ. ನಾವು ಹಗಲಿನಲ್ಲಿ ಆಡಬೇಕು, ಪಾಠ ನಡೆಯುವ ದಿನವೇ ಆಡಬೇಕು ಎಂದು ಪಟ್ಟು ಹಿಡಿದದ್ದು ಅದಕ್ಕೆ.

ಹಗಲು ಆಡುವುದೆಂದರೆ ಬೆಳಕಿನ ಮಾಯೆ ಇಲ್ಲ. ಹೆಗ್ಗೋಡಿನ ಶಿವರಾಮ ಕಾರಂತ ರಂಗಮಂದಿರದಲ್ಲಿ ಡಿಮ್ಮರ್ ಏರಿಸಿ ಇಳಿಸಿ ಕಲಿತವರಿಗೆ ಹೆಂಚಿನ ಸಂದಿಯಿಂದ ಬೀಳುವ ಬಿಸಿಲೇ ಸ್ಪಾಟ್‌ಲೈಟು. ಜಗಲಿಯೇ ರಂಗ. ಒಂದು ಪಂಚೆಯನ್ನು ಕಿಟಕಿಯ ಸರಳಿಗೆ ಕಟ್ಟಿದರೆ ಸೈಡ್‌ವಿಂಗು. ಮುಖವಾಡಗಳು ರದ್ದಿ ಪೇಪರಿನವು. ಮೈದಾ ಅಂಟಿಗೆ ಹುಳ ಹಿಡಿಯದಂತೆ ಚಿಟಿಕೆ ಮೈಲುತುತ್ತ ಹಾಕುತ್ತಿದ್ದೆವು, ಅಡಿಕೆಗೆ ಔಷಧಿ ಹೊಡೆಯುವ ಸೀಮೆಯಲ್ಲಿ ಅದಕ್ಕೆಂದೂ ಬರವಿಲ್ಲ. ಕಿರೀಟ, ಕೊಕ್ಕು, ಗುರಾಣಿ ಎಲ್ಲಕ್ಕೂ ಅಡಿಕೆ ಹಾಳೆ. ಮಳೆಗಾಲದಲ್ಲಿ ತಿರುಗಾಟ ಅಸಾಧ್ಯ, ಹೆಂಚಿನ ಮೇಲೆ ಬೀಳುವ ಆಷಾಢದ ಮಳೆಯೆದುರು ಯಾವ ನಟನ ವಾಚಿಕವೂ ನಿಲ್ಲುವುದಿಲ್ಲ. ಅಡಿಕೆ ಕೊಯ್ಲಿನ ದಿನಗಳಲ್ಲಿ ಅರ್ಧ ಮಕ್ಕಳೇ ಇರುವುದಿಲ್ಲ. ಫೆಬ್ರವರಿ ಬಂದರೆ ಪರೀಕ್ಷೆ. ಇವೆಲ್ಲದರ ನಡುವೆ ಉಳಿದ ದಿನಗಳೇ ನಮ್ಮ ಋತು. 2003ರ ಸುಮಾರಿಗೆ ಬಿಸಿಯೂಟ ಬಂದ ಮೇಲೆ ಹೊತ್ತಿನ ಲೆಕ್ಕವೂ ಬದಲಾಯಿತು. ಊಟಕ್ಕೆ ಮೊದಲು ಆಡಿದರೆ ಸಾರಿನ ಪರಿಮಳ ನಮ್ಮ ಪ್ರತಿಸ್ಪರ್ಧಿ, ಊಟವಾದ ಮೇಲೆ ಆಡಿದರೆ ಒಂದನೇ ಕ್ಲಾಸಿನವರು ಸಾಲಾಗಿ ನಿದ್ದೆ. ನಾನಂತೂ ನಿದ್ದೆಯನ್ನೇ ಆರಿಸುತ್ತಿದ್ದೆ. ಹೊಟ್ಟೆ ತುಂಬಿ ಮಲಗಿದ ಮಗುವಿನ ಮೇಲೆ ನಟನಿಗೆ ಸಿಟ್ಟು ಬರಬಾರದು.

ನಿಜವಾದ ತೊಡಕು ಕುರ್ಚಿಗಳದ್ದು. ಶಾಲೆಯಲ್ಲಿ ಕಾರ್ಯಕ್ರಮ ಎಂದರೆ ಮುಂದಿನ ಸಾಲಿನಲ್ಲಿ ಕುರ್ಚಿ, ಕುರ್ಚಿಯಲ್ಲಿ ಅಧ್ಯಕ್ಷರು, ಅವರ ಬೆನ್ನ ಹಿಂದೆ ಮಕ್ಕಳು. ಸ್ವಾಗತ, ಪ್ರಾಸ್ತಾವಿಕ, ಹಾರ. ಇಷ್ಟರಲ್ಲಿ ಮಕ್ಕಳು ದಣಿದಿರುತ್ತಿದ್ದರು. ಮೇಲಿಂದ, ಸಾಲಿನ ಕೊನೆಯಲ್ಲಿ ಬೆತ್ತ ಹಿಡಿದು ನಿಂತ ಒಬ್ಬ ಮೇಷ್ಟ್ರು. ಅವರ ಉದ್ದೇಶ ಒಳ್ಳೆಯದೇ, ಬಂದ ಕಲಾವಿದರಿಗೆ ಗಲಾಟೆಯಿಂದ ತೊಂದರೆಯಾಗಬಾರದು. ಆದರೆ ಮಗು ನಗುವುದಕ್ಕೆ ಬಾಯಿ ತೆರೆದು, ಒಂದು ಸಲ ಬೆತ್ತದ ಕಡೆ ನೋಡಿ, ಆಮೇಲೆ ನಗುತ್ತದಲ್ಲ, ಆ ಅರ್ಧ ಕ್ಷಣದಲ್ಲಿ ಹಾಸ್ಯ ಸತ್ತುಹೋಗಿರುತ್ತದೆ. ಹಾಸ್ಯದ ಪಾತ್ರ ಮಾಡಿದವರಿಗೆ ಮಾತ್ರ ಇದರ ಸಂಕಟ ಗೊತ್ತು. ಕೊನೆಗೆ ನಮ್ಮ ತಂಡದ ಹುಡುಗಿಯೊಬ್ಬಳು ಉಪಾಯ ಕಂಡುಹಿಡಿದಳು. ನಾಟಕ ಶುರುವಾಗುವ ಮೊದಲೇ ಬೆತ್ತದ ಮೇಷ್ಟ್ರ ಬಳಿ ಹೋಗಿ, ‘ಸಾರ್, ನಮ್ಮ ರಾಜಂಗೆ ರಾಜದಂಡ ಇಲ್ಲ, ಒಂಚೂರು ಇದು ಕೊಡ್ತೀರಾ?’ ಎನ್ನುವುದು. ಕೊಡದೆ ಇರುವುದು ಹೇಗೆ? ಮರುಕ್ಷಣ ಅದೇ ಬೆತ್ತ ರಂಗದ ಮೇಲೆ ಮೂರ್ಖ ರಾಜನ ಕೈಯಲ್ಲಿ. ಮಕ್ಕಳು ಅದನ್ನು ಗುರುತಿಸಿ ಎಬ್ಬಿಸುತ್ತಿದ್ದ ನಗೆಗೆ ಹೆಂಚು ಅಲುಗುತ್ತಿತ್ತು. ಮೇಷ್ಟ್ರೂ ನಕ್ಕರೆ ಆ ಶಾಲೆಯಲ್ಲಿ ನಮ್ಮ ಕೆಲಸ ಅರ್ಧ ಮುಗಿದ ಹಾಗೆ.

ಆ ರಾಜ ಯಾವ ನಾಟಕದವನು ಎಂದು ಹೇಳಬೇಕು. ‘ಪಂಜರಶಾಲೆ’. ರವೀಂದ್ರನಾಥ ಟಾಗೋರರ ಗಿಳಿಯ ಕಥೆಯನ್ನು ಬಿ.ವಿ. ಕಾರಂತರು ಮಕ್ಕಳ ನಾಟಕ ಮಾಡಿದ್ದು. ಹಾಡಿಕೊಂಡು ಹಾರಿಕೊಂಡಿದ್ದ ಒಂದು ಹಕ್ಕಿ. ಇದಕ್ಕೆ ವಿದ್ಯೆಯಿಲ್ಲವಲ್ಲ ಎಂದು ರಾಜನಿಗೆ ಚಿಂತೆ. ಪಂಡಿತರು ಸೇರಿ, ಹುಲ್ಲಿನ ಗೂಡಿನಲ್ಲಿ ವಿದ್ಯೆ ಹಿಡಿಸುವುದಿಲ್ಲ ಎಂದು ತೀರ್ಮಾನಿಸುತ್ತಾರೆ. ಚಿನ್ನದ ಪಂಜರ ಬರುತ್ತದೆ, ಪುಸ್ತಕ ನಕಲು ಮಾಡುವವರು ಬರುತ್ತಾರೆ, ಮೇಲ್ವಿಚಾರಕರು ಬರುತ್ತಾರೆ, ಮೇಲ್ವಿಚಾರಕರ ಮೇಲ್ವಿಚಾರಕರು ಬರುತ್ತಾರೆ. ಎಲ್ಲರ ಮನೆಯೂ ಉದ್ಧಾರವಾಗುತ್ತದೆ. ಗಿಳಿಯ ಬಾಯಿಗೆ ಹಾಳೆಗಳನ್ನು ತುರುಕಿ ತುರುಕಿ ಒಂದು ದಿನ ಅದು ಸಾಯುತ್ತದೆ. ರಾಜ ಒತ್ತಿ ನೋಡಿದರೆ ಹೊಟ್ಟೆಯೊಳಗೆ ಕಾಗದದ ಸದ್ದು. 1918ರಲ್ಲಿ ಬರೆದ ಕಥೆ. ಬರೆದಾತ ಅದಕ್ಕೂ ಹದಿನೇಳು ವರ್ಷ ಮೊದಲೇ ಶಾಂತಿನಿಕೇತನದಲ್ಲಿ ಶಾಲೆ ತೆರೆದು, ಮರದಡಿಯಲ್ಲಿ ಪಾಠ ನಡೆಸಿ, ಮಕ್ಕಳಿಗಾಗಿ ನಾಟಕ ಬರೆದು, ಅವರ ಜೊತೆ ತಾನೂ ವೇಷ ಹಾಕಿದ್ದ ಮನುಷ್ಯ. ಕಾರಂತರೂ ಅಷ್ಟೇ. ಹುಡುಗನಾಗಿದ್ದಾಗ ಗುಬ್ಬಿ ಕಂಪನಿ ಸೇರಿದವರು, ಮುಂದೆ ದೆಹಲಿಯ ಸರ್ದಾರ್ ಪಟೇಲ್ ವಿದ್ಯಾಲಯದಲ್ಲಿ ಮಕ್ಕಳಿಗೆ ನಾಟಕ ಕಲಿಸಿದರು. ಇಬ್ಬರೂ ಶಾಲೆಯ ಒಳಗಿದ್ದೇ ಶಾಲೆಯನ್ನು ಬೈದವರು. ಆ ಬೈಗುಳಕ್ಕೆ ಒಂದು ಸಲಿಗೆಯಿದೆ. ಹೊರಗಿನವನು ಬೈದರೆ ಅದು ಬರುವುದಿಲ್ಲ.

ಇಂಥ ನಾಟಕವನ್ನು ಶಾಲೆಯ ಜಗಲಿಯಲ್ಲೇ, ಮುಖ್ಯೋಪಾಧ್ಯಾಯರ ಕೋಣೆಯ ಬಾಗಿಲಿಗೆ ಬೆನ್ನು ಹಾಕಿ ಆಡುವುದು ನಮಗೆ ಖುಷಿಯ ವಿಷಯವಾಗಿತ್ತು, ಸ್ವಲ್ಪ ಭಯದ್ದೂ. ಮೇಲ್ವಿಚಾರಕರ ಮೇಲ್ವಿಚಾರಕರು ಸಾಲಾಗಿ ಬರುವಾಗ ಮಕ್ಕಳಿಗಿಂತ ಮೊದಲು ನಗುತ್ತಿದ್ದವರು ಶಿಕ್ಷಕರು. ‘ಇದು ನಮ್ಮ ಮಾಹಿತಿ ಫಾರ್ಮಿನ ಕತೆ ಮಾರಾಯ್ರೇ’ ಎಂದು ಒಬ್ಬರು ಬಂದು ಕೈ ಕುಲುಕಿದ್ದರು. ಅವರ ಜೇಬಿನಲ್ಲಿ ಆ ದಿನವೇ ತಾಲ್ಲೂಕಿಗೆ ಮುಟ್ಟಿಸಬೇಕಾದ ಮೂರು ನಮೂನೆಗಳಿದ್ದವು. ಇನ್ನೊಂದು ಶಾಲೆಯಲ್ಲಿ ಹಿರಿಯ ಮೇಷ್ಟ್ರೊಬ್ಬರು ಗಿಳಿ ಸಾಯುವ ಹೊತ್ತಿಗೆ ಎದ್ದುಹೋದರು. ಕೋಪ ಬಂತೇನೋ ಎಂದುಕೊಂಡೆವು. ಚಹಾ ಕುಡಿಯುವಾಗ ನಿಧಾನವಾಗಿ ಹೇಳಿದರು: ‘ತುರುಕೋರು ನಾವು ಅಂತ ತೋರಿಸ್ತೀರಿ, ಸರಿ. ತುರುಕು ಅಂತ ಹಾಳೆ ಕಳಿಸೋರು ಯಾರು ಅಂತ್ಲೂ ತೋರಿಸಿ.’ ಅದು ಸರಿಯಾದ ಟೀಕೆ. ಆಮೇಲಿನ ಪ್ರದರ್ಶನಗಳಲ್ಲಿ ಪಂಡಿತನೂ ಬೆನ್ನ ಮೇಲೆ ಪುಸ್ತಕದ ಮೂಟೆ ಹೊತ್ತುಕೊಂಡೇ ಬರುವ ಹಾಗೆ ಮಾಡಿದೆವು.

ಮಕ್ಕಳ ಚಿಂತೆ ಬೇರೆ. ‘ಗಿಳಿ ಸತ್ತೇ ಹೋತಾ ಅಣ್ಣ?’ ನಾಟಕ ಮುಗಿದ ಮೇಲೆ ಮಾತುಕತೆಗೆ ಕೂತರೆ ಮೊದಲ ಪ್ರಶ್ನೆ ಇದೇ. ಕೊನೆ ಬದಲಾಯಿಸೋಣವೇ ಎಂದು ಅವರ ಮುಂದೆಯೇ ಇಡುತ್ತಿದ್ದೆವು. ಬೇರೆ ಗಿಳಿಗಳು ಬಂದು ಪಂಜರ ಮುರಿಯಲಿ ಎಂದು ಗಂಡುಹುಡುಗರು. ಡಾಕ್ಟರು ಬಂದು ಹೊಟ್ಟೆಯಿಂದ ಕಾಗದ ತೆಗೆಯಲಿ ಎಂದು ಎರಡನೇ ಕ್ಲಾಸಿನವಳು. ನಾಲ್ಕನೇ ಕ್ಲಾಸಿನ ಒಬ್ಬ ಹುಡುಗಿ ಮಾತ್ರ ಬೇಡ ಎಂದಳು. ಯಾಕೆ ಎಂದರೆ, ‘ಬದುಕಿದ್ರೆ ಮತ್ತೆ ತುರುಕ್ತಾರೆ’. ಅವಳ ಟೀಚರು ಕಿಟಕಿಯ ಬಳಿ ನಿಂತಿದ್ದರು. ಆ ಮಾತನ್ನು ಕೇಳಿಸಿಕೊಂಡ ಅವರ ಮುಖ ನನಗೆ ನೆನಪಿದೆ. ಶಾಲೆಯಲ್ಲಿ ನಾಟಕ ಯಾರಿಗಾಗಿ ಎಂಬ ನನ್ನ ತಿಳಿವಳಿಕೆ ತಿರುಗಿಕೊಂಡದ್ದು ಇಂಥ ಹೊತ್ತುಗಳಲ್ಲಿ. ಮಕ್ಕಳಿಗೆ ಅದು ಒಂದು ಹಬ್ಬ; ನಾಳೆ ಇನ್ನೊಂದು ಆಟ ಸಿಗುತ್ತದೆ. ಮೇಷ್ಟ್ರಿಗೆ ಮಾತ್ರ, ದಿನಾ ನೋಡುವ ಮಗು ಮೊದಲ ಸಲ ಕಾಣಿಸುತ್ತದೆ.

ನಾಟಕ ಆಡಿ ಹೊರಡುವುದು ಒಂದು ಕೆಲಸ, ಮಕ್ಕಳಿಂದ ಆಡಿಸುವುದು ಇನ್ನೊಂದು. ಎರಡನೆಯದಕ್ಕೆ ಒಂದೇ ಶಾಲೆಯಲ್ಲಿ ಹತ್ತು ಹದಿನೈದು ದಿನ ಬಿಡಾರ. ಊರಿನವರ ಮನೆಯಲ್ಲಿ ಊಟ, ಶಾಲೆಯ ಬೆಂಚುಗಳನ್ನು ಜೋಡಿಸಿ ಮಲಗುವುದು. ನಮ್ಮ ನೆಚ್ಚಿನ ಪಠ್ಯ ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’. ಬ್ರೌನಿಂಗ್ ಕವಿಯ ಕಥೆ ಮಲೆನಾಡಿನ ಊರೊಂದರದೇ ಎನ್ನಿಸುವಷ್ಟು ಒಗ್ಗಿಹೋಗಿದೆ. ಅದನ್ನು ಎಲ್ಲ ತಂಡಗಳೂ ಮಾಡುತ್ತವೆ, ಎಷ್ಟು ಸಲ ನೋಡುವುದು ಎಂದು ನಗರದ ವಿಮರ್ಶಕರು ಮೂಗು ಮುರಿಯುತ್ತಾರೆ. ಅವರು ಐವತ್ತು ಮಕ್ಕಳಿಗೆ ಪಾತ್ರ ಹಂಚಿದವರಲ್ಲ. ಇಲಿಗಳು ಎಷ್ಟು ಬೇಕಾದರೂ ಆಗಬಹುದು. ಇಲಿಯಾಗಲು ಬಾರದ ಮಗು ಇಲ್ಲ. ಪ್ರಾಸದ ಸಾಲು ನಾಲಗೆಗೆ ತಾನಾಗಿ ಅಂಟುತ್ತದೆ. ಗೈರುಹಾಜರಾದವನಿಂದ ನಾಟಕ ನಿಲ್ಲುವುದಿಲ್ಲ, ಹತ್ತು ಇಲಿ ಕಡಿಮೆಯಾದರೆ ಯಾರಿಗೂ ತಿಳಿಯುವುದಿಲ್ಲ. ಅಡಿಕೆ ಕೊಯ್ಲಿನ ಊರಿನಲ್ಲಿ ಇದು ದೊಡ್ಡ ಗುಣ. ವೈದೇಹಿಯವರ ‘ನಾಯಿಮರಿ ನಾಟಕ’, ಎಚ್.ಎಸ್. ವೆಂಕಟೇಶಮೂರ್ತಿಯವರ ‘ಅಳಿಲು ರಾಮಾಯಣ’ ಇವೂ ನಮ್ಮ ಟ್ರಂಕಿನಲ್ಲಿರುತ್ತಿದ್ದವು.

ದಡ್ಡ ಎನಿಸಿಕೊಂಡ ಹುಡುಗ ರಂಗದ ಮೇಲೆ ಅರಳಿದ ಕಥೆ ಪ್ರತಿಯೊಬ್ಬ ರಂಗಕರ್ಮಿಯ ಬಳಿಯೂ ಒಂದಿರುತ್ತದೆ. ನನ್ನ ಬಳಿಯೂ ಇದೆ, ಹೇಳುವುದಿಲ್ಲ. ಅನುದಾನದ ಅರ್ಜಿಗಳಲ್ಲಿ ಬರೆದು ಬರೆದು ಆ ಕಥೆ ಸವೆದುಹೋಗಿದೆ. ನನ್ನ ತಲೆಯಲ್ಲಿ ಉಳಿದವಳು ಒಬ್ಬ ಜಾಣೆ. ಏಳನೇ ಕ್ಲಾಸು, ಎಲ್ಲದರಲ್ಲೂ ಮೊದಲು. ಎರಡನೇ ದಿನಕ್ಕೇ ತನ್ನದಲ್ಲದೆ ಎಲ್ಲರ ಮಾತುಗಳೂ ಅವಳಿಗೆ ಬಾಯಿಪಾಠ. ಆದರೆ ಎದುರಿನವರ ಮಾತು ಮುಗಿಯುವವರೆಗೆ ಕಾಯಲು ಅವಳಿಂದ ಆಗುತ್ತಲೇ ಇರಲಿಲ್ಲ. ಉತ್ತರ ಗೊತ್ತಿದ್ದೂ ಸುಮ್ಮನಿರುವುದು ಅವಳಿಗೆ ಯಾರೂ ಕಲಿಸದ ವಿದ್ಯೆ. ಏಳು ವರ್ಷ ಶಾಲೆ ಅವಳಿಗೆ ಕಲಿಸಿದ್ದು ಮೊದಲು ಕೈ ಎತ್ತುವುದನ್ನು. ಎದುರಿಗಿದ್ದ ಹುಡುಗನ ಮಾತನ್ನು ತಾನೇ ಹೇಳಿ, ತನ್ನದನ್ನೂ ಹೇಳಿ, ಅವನನ್ನು ಕಂಬದ ಹಾಗೆ ನಿಲ್ಲಿಸಿಬಿಡುತ್ತಿದ್ದಳು. ಅವಳಿಗೆ ಮಾತಿಲ್ಲದ ಪಾತ್ರ ಕೊಟ್ಟೆವು, ಅತ್ತಳು. ಕೊನೆಗೆ ಸೈಡ್‌ವಿಂಗಿನಲ್ಲಿ ನಿಂತು ಪ್ರವೇಶ ಕೊಡಿಸುವ ಕೆಲಸ ಅವಳದಾಯಿತು. ಯಾರು ಯಾವಾಗ ಹೋಗಬೇಕು, ಯಾವ ಮುಖವಾಡ ಯಾರ ಕೈಗೆ, ತಮಟೆ ಎಲ್ಲಿ ನಿಲ್ಲಬೇಕು, ಎಲ್ಲ ಅವಳ ಬೆರಳ ತುದಿಯಲ್ಲಿ. ಅಲ್ಲಿ ಅವಳು ಬೇರೆಯವರ ಮುಖ ನೋಡಲೇಬೇಕಿತ್ತು. ಪ್ರದರ್ಶನದ ದಿನ ಇಲಿಯೊಂದು ಹೆದರಿ ಅಳಲು ಶುರುಮಾಡಿದಾಗ ಬೆನ್ನ ಮೇಲೆ ಕೈಯಿಟ್ಟು, ಕ್ಯೂ ಬಿಟ್ಟುಹೋದರೂ ಸರಿ ಎಂದು ಸುಮ್ಮನೆ ಕಾದಳು. ಅವಳ ತಾಯಿಗೆ ಮಗಳು ವೇದಿಕೆಯ ಮೇಲೆ ಕಾಣಲಿಲ್ಲವೆಂದು ಬೇಜಾರು. ‘ಫಸ್ಟ್ ಬರೋ ಹುಡುಗಿಗೆ ಪಾರ್ಟೇ ಕೊಡಲಿಲ್ವಲ್ರೀ’ ಎಂದು ನಮ್ಮನ್ನು ತರಾಟೆಗೆ ತೆಗೆದುಕೊಂಡರು.

ಭಾಷೆಯ ವಿಷಯವನ್ನೂ ಹೇಳಿಬಿಡುತ್ತೇನೆ. ನಮ್ಮ ಕಡೆ ಒಂದೇ ಬೆಂಚಿನಲ್ಲಿ ಹವ್ಯಕರ ಮನೆಯ ಮಾತು, ದೀವರ ಮನೆಯ ಮಾತು, ಉರ್ದು, ಕೊಂಕಣಿ, ಕೆಲಸಕ್ಕೆ ಬಂದವರ ತಮಿಳು ಪಕ್ಕಪಕ್ಕ ಕೂತಿರುತ್ತವೆ. ಪುಸ್ತಕದ ಕನ್ನಡ ಇವರ್ಯಾರ ಮನೆಯದೂ ಅಲ್ಲ. ತಾಲೀಮಿನ ಮೊದಲ ದಿನಗಳಲ್ಲಿ ನಾವು ಸ್ಕ್ರಿಪ್ಟೇ ಕೊಡುತ್ತಿರಲಿಲ್ಲ. ಸಂದರ್ಭ ಹೇಳಿ, ಮನೆಯಲ್ಲಿ ಹೇಗೆ ಜಗಳವಾಡುತ್ತೀರೋ ಹಾಗೆ ಆಡಿ ಎನ್ನುತ್ತಿದ್ದೆವು. ಆಗ ಬರುವ ಮಾತಿನ ಕಸುವೇ ಬೇರೆ. ‘ಅಶುದ್ಧ ಭಾಷೆ ಕಲಿಸ್ತಿದ್ದೀರಿ’ ಎಂಬ ದೂರು ಬಂದದ್ದೂ ಉಂಟು. ಅಂಥ ಕಡೆ ಮನೆಮಾತಿನಲ್ಲಿ ಆಡಿಸಿದ ಮೇಲೆ ಕುವೆಂಪು ಸಾಲುಗಳಿಗೆ ಬರುತ್ತಿದ್ದೆವು, ಆಗ ಅವೂ ಅದೇ ಕಸುವಿನಿಂದ ಬರುತ್ತಿದ್ದವು.

ದುಡ್ಡಿನ ಕಥೆ ಚಿಕ್ಕದು. ಒಂದು ಮಗುವಿಗೆ ಎರಡು ರೂಪಾಯಿ, ಮೇಲೆ ಊರವರು ಕೊಟ್ಟ ಅಕ್ಕಿ, ತೆಂಗಿನಕಾಯಿ, ಹಲಸಿನಹಣ್ಣು. ಎರಡು ರೂಪಾಯಿ ತಾರದ ಮಕ್ಕಳನ್ನು ತರಗತಿಯಲ್ಲೇ ಕೂರಿಸುವ ಶಾಲೆಯೂ ಸಿಕ್ಕಿತು. ಎಲ್ಲರೂ ಹೊರಗೆ ಬರುವ ತನಕ ಬಣ್ಣ ಹಚ್ಚುವುದಿಲ್ಲ ಎಂದು ಕೂತೆವು; ಒಬ್ಬ ಟೀಚರು ಏನೂ ಮಾತಾಡದೆ ತಮ್ಮ ಪರ್ಸು ತೆಗೆದರು.

ಹೊಟ್ಟೆಪಾಡಿಗೆ ಸಂದೇಶದ ನಾಟಕಗಳನ್ನೂ ಮಾಡಿದ್ದೇವೆ. ಬೀದಿನಾಟಕಕ್ಕೆ ಕರ್ನಾಟಕದಲ್ಲಿ ಒಂದು ಮರ್ಯಾದೆಯ ಇತಿಹಾಸವಿದೆ. 1975ರಲ್ಲಿ ಹುಟ್ಟಿದ ಸಮುದಾಯದ ಜಾಥಾಗಳು, ಆಮೇಲೆ ತೊಂಬತ್ತರ ದಶಕದ ಸಾಕ್ಷರತಾ ಆಂದೋಲನದ ಕಲಾತಂಡಗಳು. ಆ ತಂಡಗಳಿಗೆ ಹೇಳುವುದಕ್ಕೆ ತಮ್ಮದೇ ಮಾತಿತ್ತು. ನಾವು ಮಾಡಿದ್ದು ಯೋಜನೆಯೊಂದರ ಫೈಲಿನಿಂದ ಬಂದ ಮಾತು: ಕೈ ತೊಳೆಯಿರಿ, ಶೌಚಾಲಯ ಬಳಸಿ. ಒಂದು ಶಾಲೆಯಲ್ಲಿ ಶೌಚಾಲಯದ ಹಾಡು ಹಾಡುತ್ತಿದ್ದಂತೆ ಮಕ್ಕಳೆಲ್ಲ ಒಂದೇ ದಿಕ್ಕಿಗೆ ನೋಡಿ ಕಿಸಕಿಸ ನಗತೊಡಗಿದರು. ಅಲ್ಲಿ ಹೊಸ ಶೌಚಾಲಯಕ್ಕೆ ಬೀಗ ಬಿದ್ದಿತ್ತು. ನೀರಿಲ್ಲ, ಹಾಳಾಗುತ್ತದೆ ಎಂದು ಬೀಗ. ಮಕ್ಕಳಿಗೆ ಗೊತ್ತಿರುವುದನ್ನು ಮಕ್ಕಳಿಗೇ ಹೇಳಿ ಬಂದ ದಿನಗಳಲ್ಲಿ ನಾವು ರಾತ್ರಿ ಊಟದಲ್ಲಿ ಹೆಚ್ಚು ಮಾತಾಡುತ್ತಿರಲಿಲ್ಲ. ಪಾಠಾಧಾರಿತ ನಾಟಕಗಳ ಪಾಡೂ ಅದೇ. ದ್ಯುತಿಸಂಶ್ಲೇಷಣೆಯ ಬಗ್ಗೆ ನಾಟಕ ಮಾಡಬಹುದು, ಮಾಡಿದ್ದೇವೆ. ಎಲೆಯ ವೇಷ ಹಾಕಿದ ಹುಡುಗ ಬಂದು ಪುಸ್ತಕದ ಸಾಲು ಒಪ್ಪಿಸುತ್ತಾನೆ. ಗಿಳಿಯ ಹೊಟ್ಟೆಯ ಕಾಗದವನ್ನು ಜೋರಾಗಿ ಓದಿದರೆ ಅದು ಹಾಡಾಗುವುದಿಲ್ಲ.

ಬೇರೆ ಕಡೆ ಏನು ನಡೆದಿದೆ ಎಂದು ತಿಳಿದದ್ದು ನಿಧಾನವಾಗಿ. ಇಂಗ್ಲೆಂಡಿನ ಕವೆಂಟ್ರಿಯ ಬೆಲ್‌ಗ್ರೇಡ್ ಥಿಯೇಟರು 1965ರಲ್ಲಿ ನಟರನ್ನೇ ಶಾಲೆಗಳಿಗೆ ಕಳಿಸಲು ಶುರುಮಾಡಿತು. ಅವರು ನಟರೂ ಹೌದು, ಶಿಕ್ಷಕರೂ ಹೌದು, ಮಕ್ಕಳು ನೋಡುಗರಾಗಿ ಉಳಿಯದೆ ನಾಟಕದ ಒಳಗೇ ನಿಂತು ಮುಂದೇನೆಂದು ತೀರ್ಮಾನಿಸಬೇಕು. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ 1989ರಲ್ಲಿ ಇಂಥದೇ ಒಂದು ತಂಡ ಕಟ್ಟಿತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಬಂದಾಗ ಕಲೆ, ಸಂಗೀತ, ನೃತ್ಯ, ರಂಗಭೂಮಿಗಳಿಗೇ ಮೀಸಲಾದ ಒಂದು ದಾಖಲೆ ಅದರ ಜೊತೆಗಿತ್ತು. ಓದಿ ಸಂತೋಷಪಟ್ಟೆವು. ನಮ್ಮ ರಾಜ್ಯದಲ್ಲೂ ಕೆಲವು ಸರ್ಕಾರಿ ಪ್ರೌಢಶಾಲೆಗಳಿಗೆ ನಾಟಕದ ಮೇಷ್ಟ್ರುಗಳು ನೇಮಕವಾದರು. ನನ್ನ ಗೆಳೆಯನೊಬ್ಬನಿಗೂ ಆ ಕೆಲಸ ಸಿಕ್ಕಿತು. ಸೇರಿದ ವರ್ಷವೇ ಅವನ ಪಾಲಿಗೆ ಬಂದದ್ದು ಜನಗಣತಿ, ಚುನಾವಣೆ, ರಜೆ ಹಾಕಿದವರ ಪೀರಿಯಡ್ಡು. ವೇಳಾಪಟ್ಟಿಯಲ್ಲಿ ನಾಟಕಕ್ಕಿದ್ದ ಜಾಗ ಶನಿವಾರದ ಕೊನೇ ಅವಧಿ. ಅವನು ಬಿಟ್ಟುಕೊಡಲಿಲ್ಲ. ಚುನಾವಣೆಯ ತರಬೇತಿಯನ್ನೇ ನಾಟಕ ಮಾಡಿಸಿ, ಮತಗಟ್ಟೆ ಅಧಿಕಾರಿಯ ಪಾತ್ರವನ್ನು ಒಂಬತ್ತನೇ ಕ್ಲಾಸಿನ ಹುಡುಗಿಗೆ ಕೊಟ್ಟ.

ನಮಗೂ ಶಿಕ್ಷಕರಿಗೇ ಶಿಬಿರ ಮಾಡಬೇಕು ಎಂದು ಹೊಳೆದದ್ದು ಆ ಹೊತ್ತಿನಲ್ಲೇ. ಮೊದಲೇ ಹೇಳಿದ ಕಪ್ಪೆ ಹಾರುವ ಪ್ರಸಂಗ ಅಲ್ಲಿನದು. ಮೊದಲ ದಿನ ಎಲ್ಲರೂ ಗೋಡೆಗೆ ಅಂಟಿ ನಿಲ್ಲುತ್ತಿದ್ದರು, ಮೂರನೇ ದಿನ ಮನೆಗೆ ಹೋಗಿ ಎಂದರೂ ಹೋಗುತ್ತಿರಲಿಲ್ಲ. ಗಣಿತ ಹೇಳುವ ಒಬ್ಬ ಮೇಡಂ ಮಾತ್ರ ಕೊನೆಯವರೆಗೂ ನಮ್ಮನ್ನು ಸಂಶಯದಿಂದಲೇ ನೋಡಿದರು. ಕಣ್ಣು ಮುಚ್ಚಿ ಜೊತೆಗಾರರ ಕೈ ಹಿಡಿದು ನಡೆಯುವ ಆಟವೊಂದಿದೆ, ನಂಬಿಕೆ ಬೆಳೆಸುವುದಕ್ಕೆ. ಅವರು ಕಣ್ಣು ಮುಚ್ಚಲೊಪ್ಪಲಿಲ್ಲ. ‘ನಾನು ಕಣ್ಣು ಮುಚ್ಚಿದ್ರೆ ನನ್ನ ಕ್ಲಾಸಲ್ಲಿ ಏನಾಗುತ್ತೆ ಅಂತ ನಿಮಗೆ ಗೊತ್ತಿಲ್ಲ’ ಎಂದರು. ಕೊನೆಯ ದಿನ ಅಭಿಪ್ರಾಯ ಹೇಳಿ ಎಂದಾಗ ಎಲ್ಲರೂ ಹೊಗಳಿದ ಮೇಲೆ ಎದ್ದು ನಿಂತರು. ‘ನೀವು ನಾಲ್ಕೈದು ಜನ ಬರ್ತೀರಿ, ತಮಟೆ ತರ್ತೀರಿ, ಮಕ್ಕಳನ್ನ ಬಯಲಿಗೆ ಕರ್ಕೊಂಡು ಹೋಗ್ತೀರಿ. ನಾನು ಒಬ್ಬಳು. ಐವತ್ತು ಜನ ಮಕ್ಕಳು, ನಲವತ್ತು ನಿಮಿಷ, ಬೆಂಚು ಸರಿಸೋಕೂ ಜಾಗ ಇಲ್ಲ. ಅಲ್ಲಿ ಏನು ಮಾಡ್ಲಿ ಅನ್ನೋದನ್ನ ಹೇಳಿ.’

ಆಮೇಲಿನ ನಮ್ಮ ಶಿಬಿರಗಳೆಲ್ಲ ಅವರ ಮಾತಿಗೆ ಉತ್ತರ ಹುಡುಕುವ ಕೆಲಸವೇ. ತಮಟೆ ಮನೆಯಲ್ಲಿಟ್ಟು ಹೋದೆವು. ಬೆಂಚಿನ ಮೇಲೆ ಕೂತಲ್ಲೇ ಆಡಬಹುದಾದ್ದು, ಒಬ್ಬರೇ ನಡೆಸಬಹುದಾದ್ದು, ಪಕ್ಕದ ತರಗತಿಗೆ ಸದ್ದು ಹೋಗದ್ದು, ಇಂಥವನ್ನು ಒಂದೊಂದಾಗಿ ಮಾಡಿ ನೋಡಿದೆವು. ಪಾಠದ ಒಂದು ಪಾತ್ರವನ್ನು ಖಾಲಿ ಕುರ್ಚಿಯಲ್ಲಿ ಕೂರಿಸಿ ಮಕ್ಕಳು ಅದಕ್ಕೆ ಪ್ರಶ್ನೆ ಕೇಳುವುದು; ಉತ್ತರ ಹೇಳಲು ಯಾರು ಬೇಕಾದರೂ ಹೋಗಿ ಆ ಕುರ್ಚಿಯಲ್ಲಿ ಕೂರಬಹುದು, ಮೇಷ್ಟ್ರೂ ಕೂರಬಹುದು. ಪದ್ಯವನ್ನು ಪಿಸುಮಾತಿನಲ್ಲಿ ಮಾತ್ರ ಓದುವುದು. ಭಿನ್ನರಾಶಿಯ ಪಾಠಕ್ಕೆ ಮೂವರು ಅಣ್ಣತಮ್ಮಂದಿರು ಒಂದು ತೋಟ ಪಾಲು ಮಾಡಿಕೊಳ್ಳುವ ಜಗಳ; ನಮ್ಮ ಊರಿನ ಮಕ್ಕಳಿಗೆ ಆ ಸಂಭಾಷಣೆಯನ್ನು ಯಾರೂ ಬರೆದುಕೊಡಬೇಕಾಗಿಲ್ಲ. ದ್ಯುತಿಸಂಶ್ಲೇಷಣೆಯ ಎಲೆಗಿಂತ ಈ ಜಗಳ ಜೀವಂತವಾಗಿತ್ತು, ಅದರ ಕೊನೆ ಏನೆಂದು ಆಡುವವರಿಗೂ ಗೊತ್ತಿರಲಿಲ್ಲ.

ತಂಡ ಈಗಿಲ್ಲ. ಒಬ್ಬಳು ಬೆಂಗಳೂರಿನ ಖಾಸಗಿ ಶಾಲೆಯಲ್ಲಿ ನಾಟಕ ಹೇಳಿಕೊಡುತ್ತಾಳೆ, ಒಬ್ಬ ಧಾರಾವಾಹಿಗೆ ಹೋದ, ನಾನು ಊರಿನಲ್ಲೇ ಇದ್ದೇನೆ. ನಾವು ನಾಟಕ ಆಡಿದ ಕೆಲವು ಕಿರಿಯ ಪ್ರಾಥಮಿಕ ಶಾಲೆಗಳು ಮಕ್ಕಳಿಲ್ಲದೆ ಮುಚ್ಚಿಹೋಗಿವೆ. ಉಳಿದ ಕಡೆಗಳಲ್ಲಿ ನಮ್ಮ ನಾಟಕವೂ ಉಳಿದಿದೆ ಎಂದು ಹೇಳುವ ಧೈರ್ಯ ನನಗಿಲ್ಲ. ಎಲ್ಲಿ ಒಬ್ಬ ಟೀಚರಿಗೆ ಅದು ಹಿಡಿಯಿತೋ ಅಲ್ಲಿ ಇದೆ, ಅವರಿಗೆ ವರ್ಗವಾದಾಗ ಅವರ ಹಿಂದೆಯೇ ಮುಂದಿನ ಶಾಲೆಗೆ ಹೋಗಿದೆ.

ಗಣಿತದ ಮೇಡಂ ಹೋದ ವರ್ಷ ಸಾಗರದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ್ದರು. ನಿವೃತ್ತಿಗೆ ಇನ್ನು ಸ್ವಲ್ಪವೇ ಸಮಯ. ತೋಟದ ಪಾಲಿನ ಜಗಳ ಈಗಲೂ ಮಾಡಿಸುತ್ತೇನೆ, ಮೂರು ಪಾಲು ಸಲೀಸು, ಆದರೆ ಹೋದ ಸಲ ಒಬ್ಬ ಹುಡುಗಿ ಎದ್ದು ‘ಅಕ್ಕ ತಂಗಿಯರ ಪಾಲೆಲ್ಲಿ?’ ಎಂದು ಕೇಳಿ ಇಡೀ ಲೆಕ್ಕವನ್ನೇ ಐದಕ್ಕೆ ತಂದುಬಿಟ್ಟಳು, ಅವತ್ತು ಪೀರಿಯಡ್ಡು ಸಾಲಲೇ ಇಲ್ಲ ಎಂದು ದೂರಿದರು. ಶೇಕಡಾವಾರು ಪಾಠಕ್ಕೆ ಇಂಥದೊಂದು ಬೇಕು, ಏನಾದರೂ ಇದೆಯೇ ಎಂದು ಕೇಳಿದರು. ಯೋಚಿಸಿ ಹೇಳುತ್ತೇನೆ ಎಂದೆ. ಹೊಸನಗರದ ಬಸ್ಸು ಬಂತು. ಹತ್ತುತ್ತಾ ತಿರುಗಿ, ‘ಆ ಕಣ್ಣು ಮುಚ್ಚಿಸೋ ಆಟ ಒಂದು ಮಾತ್ರ ನಾನು ಇವತ್ತಿಗೂ ಮಾಡ್ಸಲ್ಲ, ಆಯ್ತಾ?’ ಎಂದರು.